ದೊಡ್ಡವರಾದ ಮೇಲೆ ಸ್ಕೋಲಿಯೋಸಿಸ್ ಶಸ್ತ್ರಚಿಕಿತ್ಸೆ: ಮನಸ್ಸನ್ನೂ ಮನೆಯನ್ನೂ ಸಿದ್ಧಪಡಿಸಿಕೊಳ್ಳುವುದು ಹೇಗೆ?

ಬಾಗಿದ ಬೆನ್ನು

ಎಲ್ಲರಿಗೂ ನಮಸ್ಕಾರ. ನನಗೆ ಈಗ 43 ವರ್ಷ. ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವ ತೊಂದರೆ, ಇರುವುದು ಹೈಸ್ಕೂಲಿನಲ್ಲಿದ್ದಾಗಲೇ ಗೊತ್ತಾಗಿತ್ತು. ಕೆಲವು ವರ್ಷಗಳಿಂದ ದೇಹ ಒಂದು ಪಕ್ಕಕ್ಕೆ ವಾಲುತ್ತಿರುವುದು ಕನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತಿದೆ. ಸ್ವಲ್ಪ ದೂರ ನಡೆದರೆ ಎಡಗಾಲಿನಲ್ಲಿ ಸೆಳೆತ ಬಂದು, ಎಲ್ಲಾದರೂ ಕುಳಿತುಕೊಂಡರೆ ಮಾತ್ರ ಕಡಿಮೆಯಾಗುತ್ತದೆ. ಈಗಿನ ಎಕ್ಸ್‌ರೇಯಲ್ಲಿ ಸೊಂಟದ ಭಾಗದ ಕಾಬ್ ಕೋನ, ಅಂದರೆ ಬಾಗಿನ ಅಳತೆ, 58 ಡಿಗ್ರಿ ಇದೆ. ಫಿಸಿಯೋಥೆರಪಿ ಮತ್ತು ಇಂಜೆಕ್ಷನ್‌ಗಳಿಂದ ಸಿಕ್ಕ ಉಪಶಮನ ಹೆಚ್ಚು ಕಾಲ ನಿಲ್ಲಲಿಲ್ಲ. ಬೆನ್ನಿನ ನಡುಭಾಗದಿಂದ ಪೆಲ್ವಿಸ್ ಎನ್ನುವ ಸೊಂಟದ ಅಗಲ ಮೂಳೆಯವರೆಗೆ ರಾಡ್ ಮತ್ತು ಸ್ಕ್ರೂ ಹಾಕಿ ಫ್ಯೂಷನ್, ಅಂದರೆ ಮೂಳೆಗಳ ಬೆಸುಗೆ, ಮಾಡಬೇಕೆಂದು ವೈದ್ಯರು ಹೇಳಿದ್ದಾರೆ, ನಾನು ಒಪ್ಪಿದ್ದೇನೆ.

ಮಾಡಿಸಿಕೊಳ್ಳಬೇಕೇ ಬೇಡವೇ ಎಂಬುದು ನನ್ನ ಪ್ರಶ್ನೆಯಲ್ಲ. ಇನ್ನು ಕೆಲವೇ ತಿಂಗಳುಗಳಿವೆ. ಈ ಅವಧಿಯಲ್ಲಿ ನಾನು ಯಾವ ಯಾವ ರೀತಿಯಲ್ಲಿ ಸಿದ್ಧಳಾಗಬೇಕು? ಹಗಲಿನಲ್ಲಿ ಧೈರ್ಯವಾಗಿಯೇ ಇರುತ್ತೇನೆ, ಆದರೆ ರಾತ್ರಿ ದೀಪ ಆರಿಸಿದ ಮೇಲೆ ಮೂರು ಭಯಗಳು ಒಂದರ ಹಿಂದೆ ಒಂದು ಬರುತ್ತವೆ. ಅರಿವಳಿಕೆಯಿಂದ ಎಚ್ಚರವಾದಾಗ ಕಾಲು ಆಡದಿದ್ದರೆ ಎಂಬುದು ಮೊದಲನೆಯದು. ಇನ್ನೆಂದೂ ಸೊಂಟ ಬಗ್ಗಿಸಲಾರೆ ಎಂಬುದು ಎರಡನೆಯದು. ಮನೆಯನ್ನು ನಡೆಸುತ್ತಿದ್ದವಳು ಸ್ನಾನಕ್ಕೂ ಇನ್ನೊಬ್ಬರ ಕೈ ಹಿಡಿಯಬೇಕು ಎಂಬುದು ಮೂರನೆಯದು. ಈ ದಾರಿಯಲ್ಲಿ ನಡೆದವರು ದಯವಿಟ್ಟು ಬರೆಯಿರಿ.

ಎರಡು ರಾಡ್

ನನಗೂ ಹೆಚ್ಚುಕಡಿಮೆ ನಿಮ್ಮ ವಯಸ್ಸಿನಲ್ಲಿಯೇ, ಎದೆಭಾಗದ ಹತ್ತನೇ ಕಶೇರುವಿನಿಂದ (ಬೆನ್ನುಮೂಳೆಯ ಮಣಿಯಿಂದ) ಪೆಲ್ವಿಸ್‌ವರೆಗೆ ಫ್ಯೂಷನ್ ಆಯಿತು. ನಿಮ್ಮ ಮೊದಲ ಭಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಗದೆ ಉಳಿದ ಯಾವ ಸಿದ್ಧತೆಗೂ ಮನಸ್ಸು ಬಗ್ಗುವುದಿಲ್ಲ.

ಶಸ್ತ್ರಚಿಕಿತ್ಸೆ ನಡೆಯುವಾಗ ತಲೆಗೂ ಕೈಕಾಲುಗಳಿಗೂ ಎಲೆಕ್ಟ್ರೋಡುಗಳನ್ನು ಅಳವಡಿಸಿ, ಬೆನ್ನುಹುರಿಯ ಮೂಲಕ ಸಂಕೇತಗಳು ಸರಿಯಾಗಿ ಹೋಗಿಬರುತ್ತಿವೆಯೇ ಎಂಬುದನ್ನು ಉದ್ದಕ್ಕೂ ಗಮನಿಸುತ್ತಿರುತ್ತಾರೆ. ಸ್ಪರ್ಶದ ಸಂಕೇತಗಳು ಮತ್ತು ಚಲನೆಯ ಸಂಕೇತಗಳು ಎರಡನ್ನೂ ನೋಡುತ್ತಾರೆ. ಸಂಕೇತ ಕುಗ್ಗಿದರೆ ತಂಡ ಅಲ್ಲಿಯೇ ನಿಲ್ಲಿಸಿ, ರಕ್ತದೊತ್ತಡವನ್ನು ಏರಿಸಿ, ಅಗತ್ಯವಿದ್ದರೆ ಆಗಷ್ಟೇ ಮಾಡಿದ ತಿದ್ದುಪಡಿಯನ್ನು ಸಡಿಲಿಸುತ್ತದೆ. ಈ ಸೌಲಭ್ಯ ಬರುವ ಮೊದಲು ನಡುವೆ ರೋಗಿಯನ್ನು ಎಚ್ಚರಿಸಿ ಪಾದ ಆಡಿಸಲು ಹೇಳುತ್ತಿದ್ದರು. ಸಂದೇಹ ಬಂದಾಗ ಇಂದಿಗೂ ಅದನ್ನು ಮಾಡುವುದುಂಟು. ಅಪಾಯ ಶೂನ್ಯವೆಂದು ನಾನು ಹೇಳುವುದಿಲ್ಲ. ಕೆಲವರಿಗೆ ತಾತ್ಕಾಲಿಕವಾಗಿ ಕಾಲಿನ ಬಲ ಕುಗ್ಗುತ್ತದೆ, ಅಪರೂಪಕ್ಕೆ ಅದು ಉಳಿದುಕೊಳ್ಳುತ್ತದೆ. ಆದ್ದರಿಂದ ನಿಮ್ಮ ವೈದ್ಯರನ್ನು ನೇರವಾಗಿಯೇ ಕೇಳಿ: ಸಂಕೇತ ನೋಡಿಕೊಳ್ಳುವವರು ಯಾರು, ದೊಡ್ಡವರಲ್ಲಿ ಇಂಥ ಶಸ್ತ್ರಚಿಕಿತ್ಸೆಗಳನ್ನು ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ, ನನ್ನಂಥವರಲ್ಲಿ ನೀವು ಕಂಡ ತೊಂದರೆಗಳು ಯಾವುವು. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

ಎರಡನೆಯದಾಗಿ, ನನ್ನ ದೃಷ್ಟಿಯಲ್ಲಿ ಮನಸ್ಸಿನ ಸಿದ್ಧತೆಯ ತಿರುಳು ಇರುವುದು ಒಂದೇ ಕಡೆ: ಈ ಶಸ್ತ್ರಚಿಕಿತ್ಸೆಯಿಂದ ನಿಮಗೆ ಬೇಕಾಗಿರುವುದು ಏನು ಎಂಬುದನ್ನು ಈಗಲೇ ಸ್ಪಷ್ಟವಾದ ಮಾತುಗಳಲ್ಲಿ ಬರೆದಿಡುವುದು. "ಬೆನ್ನು ನೇರವಾಗಬೇಕು" ಎಂದು ಬರೆಯಬೇಡಿ. ದೊಡ್ಡವರಲ್ಲಿ ಮುಂದಿನಿಂದ ನೋಡಿದಾಗ ಕಾಣುವ ವಕ್ರತೆಗಿಂತ, ಪಕ್ಕದಿಂದ ನೋಡಿದಾಗ ತಲೆ ಸೊಂಟದ ನೇರಕ್ಕೆ ನಿಂತಿದೆಯೇ ಎಂಬುದೇ ನೋವು ಮತ್ತು ಆಯಾಸವನ್ನು ಹೆಚ್ಚು ನಿರ್ಧರಿಸುತ್ತದೆ. ಆ ಸಮತೋಲನ ಚೆನ್ನಾಗಿ ಕೂಡಿಬಂದರೆ ಎಕ್ಸ್‌ರೇಯಲ್ಲಿ ಇನ್ನೂ ಸಾಕಷ್ಟು ಡಿಗ್ರಿ ಉಳಿದಿದ್ದರೂ ಬದುಕು ಹಗುರವಾಗುತ್ತದೆ. "ನಿಲ್ಲದೆ ಅರ್ಧ ಗಂಟೆ ನಡೆಯಬೇಕು", "ಕುಳಿತು ಕೆಲಸ ಮಾಡಿದ ಮೇಲೆ ಕಾಲು ಮರಗಟ್ಟಬಾರದು" ಎಂಬಂತೆ ಬರೆದು ವೈದ್ಯರಿಗೆ ತೋರಿಸಿ, ಇವುಗಳಲ್ಲಿ ಯಾವುದನ್ನು ನಿರೀಕ್ಷಿಸಬಹುದು, ಯಾವುದನ್ನು ಬಿಡಬೇಕು ಎಂದು ಕೇಳಿ. ಕಾಲಿನ ನೋವು ನರದ ಮೇಲಿನ ಒತ್ತಡದಿಂದ ಬಂದಿದ್ದರೆ ಅದು ಕಡಿಮೆಯಾಗುವ ಸಾಧ್ಯತೆ ಚೆನ್ನಾಗಿರುತ್ತದೆ, ಬೆನ್ನುನೋವು ಪೂರ್ತಿ ಹೋಗುವುದು ಮಾತ್ರ ವಿರಳ. ಈ ಮಾತನ್ನು ಮೊದಲೇ ನುಂಗಿಕೊಂಡವರು ಮೂರನೇ ತಿಂಗಳಲ್ಲಿ ಕುಸಿಯುವುದಿಲ್ಲ.

ಕಾದು ನೋಡುವವ

ನನ್ನದು ಬೇರೆ ದಾರಿ, ಆದರೂ ಹೇಳಬೇಕೆನಿಸಿತು. ನನ್ನ ವಕ್ರತೆ ಎದೆಭಾಗದಲ್ಲಿ 52 ಡಿಗ್ರಿ. ಬೆಳವಣಿಗೆ ಮುಗಿದಾಗ 30 ಡಿಗ್ರಿಗಿಂತ ಕಡಿಮೆ ಇರುವ ವಕ್ರತೆ ಸಾಮಾನ್ಯವಾಗಿ ಮುಂದೆ ಹೆಚ್ಚುವುದಿಲ್ಲ. 50 ಡಿಗ್ರಿ ದಾಟಿದ ಎದೆಭಾಗದ ವಕ್ರತೆ ಸರಾಸರಿ ವರ್ಷಕ್ಕೆ ಒಂದು ಡಿಗ್ರಿಯಷ್ಟು ಹೆಚ್ಚಬಹುದು. ನನಗೆ ನೋವು ಸಹಿಸುವ ಮಟ್ಟದಲ್ಲಿದೆ, ಉಸಿರಾಟದ ಪರೀಕ್ಷೆ ಚೆನ್ನಾಗಿದೆ, ಆದ್ದರಿಂದ ನಿಯಮಿತವಾಗಿ ಎಕ್ಸ್‌ರೇ ತೆಗೆಸುತ್ತ ಮುಂದುವರಿದಿದ್ದೇನೆ. ನಿಮ್ಮ ನಿರ್ಧಾರವನ್ನು ಅಲುಗಾಡಿಸುವ ಉದ್ದೇಶ ನನ್ನದಲ್ಲ. ದೊಡ್ಡವರಲ್ಲಿ ಇದು ಬಹುಪಾಲು ತುರ್ತು ಶಸ್ತ್ರಚಿಕಿತ್ಸೆಯಲ್ಲ, ಒಪ್ಪಿದ ಮೇಲೂ ದಿನಾಂಕವನ್ನು ಮುಂದೂಡುವ ಹಕ್ಕು ನಿಮ್ಮ ಕೈಯಲ್ಲಿಯೇ ಇರುತ್ತದೆ ಎಂಬುದನ್ನು ನೆನಪಿಸುವುದಷ್ಟೇ ನನ್ನ ಉದ್ದೇಶ. ಬಾಗಿಲು ತೆರೆದಿದೆ ಎಂದು ಗೊತ್ತಿದ್ದರೆ ರಾತ್ರಿಯ ಭಯ ಅರ್ಧ ಇಳಿಯುತ್ತದೆ. ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿರದಿದ್ದರೆ ಕೇಳಿ, ಅದು ಮೊದಲ ವೈದ್ಯರಿಗೆ ಮಾಡುವ ಅವಮಾನವಲ್ಲ.

ಬಾಗಿದ ಬೆನ್ನು

ಇಬ್ಬರಿಗೂ ಧನ್ಯವಾದಗಳು. ಎರಡನೇ ಅಭಿಪ್ರಾಯ ಕೇಳಿದ್ದೇನೆ. ಫ್ಯೂಷನ್ ಎಲ್ಲಿಂದ ಎಲ್ಲಿಯವರೆಗೆ ಎಂಬುದರಲ್ಲಿ ಇಬ್ಬರು ವೈದ್ಯರ ನಡುವೆ ಸಣ್ಣ ವ್ಯತ್ಯಾಸವಿತ್ತು, ಶಸ್ತ್ರಚಿಕಿತ್ಸೆ ಬೇಕೆಂಬುದರಲ್ಲಿ ಇರಲಿಲ್ಲ. ಗುರಿಗಳನ್ನು ಬರೆಯಲು ಕುಳಿತಾಗ, ನನಗೆ ನಿಜವಾಗಿ ಬೇಕಾಗಿದ್ದು ಮಗಳ ಶಾಲೆಯವರೆಗೆ ಎಲ್ಲಿಯೂ ಕೂರದೆ ನಡೆದು ಹೋಗುವುದು ಎಂದು ತಿಳಿಯಿತು. ಅದನ್ನೇ ಮೊದಲ ಸಾಲಿನಲ್ಲಿ ಬರೆದಿದ್ದೇನೆ. ದೇಹವನ್ನು ಈಗಿನಿಂದ ಹೇಗೆ ಸಿದ್ಧಪಡಿಸಬೇಕೆಂದು ಯಾರಾದರೂ ತಿಳಿಸುವಿರಾ?

ಫಿಸಿಯೋಥೆರಪಿಸ್ಟ್

ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಆದವರೊಂದಿಗೆ ಕೆಲಸ ಮಾಡುತ್ತೇನೆ. ನಿಮ್ಮ ವೈದ್ಯರು ಹೇಳಿದ್ದೇ ಅಂತಿಮ ಎಂಬುದನ್ನು ಮೊದಲೇ ಹೇಳಿ ಮುಂದುವರಿಯುತ್ತೇನೆ.

ರಾಡ್‌ಗಳೇ ನಿಮ್ಮ ಬೆನ್ನನ್ನು ಶಾಶ್ವತವಾಗಿ ಹಿಡಿದಿಡುತ್ತವೆ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಅವು ಕಾಂಕ್ರೀಟ್ ಗಟ್ಟಿಯಾಗುವವರೆಗೆ ನಿಲ್ಲಿಸುವ ಸೆಂಟ್ರಿಂಗ್ ಇದ್ದಂತೆ. ಕಶೇರುಗಳ ನಡುವೆ ಇಟ್ಟ ಮೂಳೆಚೂರುಗಳು ಬೆಳೆದು ಒಂದೇ ಮೂಳೆಯಾಗಿ ಬೆಸೆದುಕೊಳ್ಳುವುದೇ ಫ್ಯೂಷನ್. ಅದಕ್ಕೆ ಆರು ತಿಂಗಳಿಂದ ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಬೆಸುಗೆ ಆಗದೇ ಹೋದರೆ ಎಷ್ಟೇ ಗಟ್ಟಿಯಾದ ಲೋಹವೂ ವರ್ಷಗಳ ಬಳಿಕ ದಣಿದು ಮುರಿಯಬಹುದು. ಆದ್ದರಿಂದ ಈಗ ನೀವು ಮಾಡುವ ಪ್ರತಿಯೊಂದು ಸಿದ್ಧತೆಯೂ ಮೂಳೆ ಬೆಳೆಯುವುದಕ್ಕೆ ಅನುಕೂಲವಾಗಬೇಕು.

ಮೂಳೆಸಾಂದ್ರತೆಯ ಡೆಕ್ಸಾ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಮೂಳೆ ಟೊಳ್ಳಾಗಿದ್ದರೆ ಸ್ಕ್ರೂ ಹಿಡಿತ ಸಡಿಲವಾಗುತ್ತದೆ, ರಾಡ್ ಮುಗಿಯುವ ಜಾಗದ ಮೇಲಿನ ಕಶೇರು ಕುಸಿದು ಬೆನ್ನು ಅಲ್ಲಿಂದ ಮುಂದಕ್ಕೆ ಬಾಗಬಹುದು. ವಿಟಮಿನ್ ಡಿ, ಹಿಮೋಗ್ಲೋಬಿನ್, ಮಧುಮೇಹವಿದ್ದರೆ ಮೂರು ತಿಂಗಳ ಸಕ್ಕರೆಯ ಸರಾಸರಿ, ಇವುಗಳನ್ನು ನೋಡಿಸಿಕೊಳ್ಳಿ. ರಕ್ತಹೀನತೆ ಇದ್ದರೆ ಅದನ್ನು ಸರಿಪಡಿಸಲು ವಾರಗಳು ಬೇಕಾಗುತ್ತವೆ, ಕೊನೆಯ ವಾರದಲ್ಲಿ ಗೊತ್ತಾದರೆ ಪ್ರಯೋಜನವಿಲ್ಲ. ಧೂಮಪಾನ ಮಾಡುವವರು ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ, ವಾರಗಳ ಮೊದಲೇ ನಿಲ್ಲಿಸಿ, ಆಮೇಲೂ ಆರಂಭಿಸಬೇಡಿ. ನಿಕೋಟಿನ್ ಮೂಳೆ ಬೆಸುಗೆಗೆ ನೇರ ಅಡ್ಡಿ. ಪ್ಯಾಚ್ ಅಥವಾ ಚೂಯಿಂಗ್ ಗಮ್ ರೂಪದ ನಿಕೋಟಿನ್ ಬಗ್ಗೆಯೂ ವೈದ್ಯರಿಗೆ ತಿಳಿಸಬೇಕು. ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ, ಗಿಡಮೂಲಿಕೆಯವೂ ಸೇರಿದಂತೆ, ಬರೆದು ಅರಿವಳಿಕೆ ತಜ್ಞರಿಗೆ ಕೊಡಿ. ರಕ್ತ ತೆಳುಗೊಳಿಸುವವುಗಳನ್ನೂ ಕೆಲವು ನೋವುನಿವಾರಕಗಳನ್ನೂ ಯಾವಾಗ ನಿಲ್ಲಿಸಬೇಕೆಂದು ಅವರೇ ಹೇಳಬೇಕು, ನಾವು ಊಹಿಸಬಾರದು. ಬಲವಾದ ಓಪಿಯಾಯ್ಡ್ ನೋವುನಿವಾರಕಗಳನ್ನು ದೀರ್ಘಕಾಲ ತೆಗೆದುಕೊಳ್ಳುತ್ತಿದ್ದರೆ ಅವನ್ನು ಮುಂಚೆಯೇ ವೈದ್ಯರ ಮೇಲ್ವಿಚಾರಣೆಯಲ್ಲಿ ತಗ್ಗಿಸಿಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ನಂತರದ ನೋವನ್ನು ಹತೋಟಿಗೆ ತರುವುದು ಕಷ್ಟವಾಗುತ್ತದೆ.

ವ್ಯಾಯಾಮದ ವಿಚಾರದಲ್ಲಿ, ನಿಮಗೆ ಕಾಲುಗಳ ಬಲವೇ ಮುಖ್ಯ. ಸೊಂಟ ಬಗ್ಗದಿದ್ದಾಗ ಕೆಳಗಿನ ವಸ್ತುವಿಗೆ ನಿಮ್ಮನ್ನು ಇಳಿಸುವುದೂ ಮೇಲೆ ಎತ್ತುವುದೂ ಮಂಡಿ ಮತ್ತು ತೊಡೆಗಳೇ. ಕೈ ಊರದೆ ಕುರ್ಚಿಯಿಂದ ಏಳುವುದನ್ನು ಅಭ್ಯಾಸ ಮಾಡಿ. ಹಾಸಿಗೆಯಿಂದ ಏಳುವಾಗ ಭುಜ ಮತ್ತು ಸೊಂಟವನ್ನು ಒಟ್ಟಿಗೆ ಹೊರಳಿಸಿ ಪಕ್ಕಕ್ಕೆ ತಿರುಗಿ, ಕಾಲುಗಳನ್ನು ಕೆಳಗಿಳಿಸುತ್ತ, ಕೈಯಿಂದ ಮೈಯನ್ನು ಒತ್ತಿ ಮೇಲೇಳುವ ಕ್ರಮವನ್ನು ಈಗಲೇ ದಿನವೂ ಮಾಡಿ. ನೋವಿಲ್ಲದಾಗ ಕಲಿತದ್ದನ್ನು ದೇಹ ನೋವಿನಲ್ಲೂ ನೆನಪಿಡುತ್ತದೆ.

ಜೊತೆಗಾರ

ನನ್ನ ಹೆಂಡತಿಗೆ ಈ ಶಸ್ತ್ರಚಿಕಿತ್ಸೆ ಆಯಿತು. ನೋಡಿಕೊಂಡವನ ಕಡೆಯಿಂದ ಕೆಲವು ಮಾತುಗಳು.

ಆಸ್ಪತ್ರೆಯ ದಿನಗಳಿಗೆ ಎಲ್ಲರೂ ಸಿದ್ಧರಾಗುತ್ತಾರೆ. ಶಸ್ತ್ರಚಿಕಿತ್ಸೆ ಹಲವು ಗಂಟೆಗಳು ನಡೆಯುತ್ತದೆ, ಕೆಲವೊಮ್ಮೆ ಎರಡು ಹಂತಗಳಲ್ಲಿ ಬೇರೆ ಬೇರೆ ದಿನ ಮಾಡುತ್ತಾರೆ. ಮೊದಲ ಒಂದೆರಡು ರಾತ್ರಿ ಐಸಿಯುನಲ್ಲಿ ಇರಿಸುವುದುಂಟು. ಮೂತ್ರಕ್ಕೆ ಕೊಳವೆ, ಗಾಯದ ಬಳಿ ರಕ್ತ ಹೊರಹೋಗಲು ಇನ್ನೊಂದು ಕೊಳವೆ, ಮುಖ ಊದಿಕೊಂಡಿರುವುದು, ಇವೆಲ್ಲ ಸಹಜವೆಂದು ನಮಗೆ ಮೊದಲೇ ತಿಳಿಸಿದ್ದರಿಂದ ಅವಳನ್ನು ನೋಡಿದಾಗ ನಾವು ಹೌಹಾರಲಿಲ್ಲ. ಸಾಮಾನ್ಯವಾಗಿ ಮರುದಿನವೋ ಅದರ ಮರುದಿನವೋ ಎಬ್ಬಿಸಿ ನಿಲ್ಲಿಸುತ್ತಾರೆ. ಅಲ್ಲಿ ಕರೆದ ತಕ್ಷಣ ನರ್ಸ್ ಬರುತ್ತಾರೆ. ನಿಜವಾದ ಪರೀಕ್ಷೆ ಮನೆಗೆ ಬಂದ ಮೇಲೆ.

ಮನೆಯನ್ನು ನೀವು ಆಸ್ಪತ್ರೆಗೆ ಸೇರುವ ಮೊದಲೇ ಬದಲಿಸಿ. ನೆಲದ ಮೇಲಿನ ಸಡಿಲವಾದ ಹಾಸುಗಳನ್ನು ತೆಗೆಯಿರಿ. ದಿನನಿತ್ಯದ ಪಾತ್ರೆ, ಬಟ್ಟೆ, ಔಷಧಿ ಎಲ್ಲವೂ ಸೊಂಟದಿಂದ ಭುಜದ ಎತ್ತರದೊಳಗೆ ಕೈಗೆ ಸಿಗುವಂತಿರಲಿ. ಕಮೋಡಿನ ಮೇಲೆ ಇಡುವ ಎತ್ತರದ ಆಸನ, ಸ್ನಾನಕ್ಕೆ ಜಾರದ ಕುರ್ಚಿ, ಗೋಡೆಗೆ ಗಟ್ಟಿಯಾದ ಹಿಡಿಕೆ, ಕೆಳಗೆ ಬಿದ್ದದ್ದನ್ನು ಎತ್ತುವ ಉದ್ದ ಕೈಯ ಇಕ್ಕಳ, ಬಗ್ಗದೆ ಹಾಕಿಕೊಳ್ಳುವ ಚಪ್ಪಲಿ, ಇವು ಅಲಂಕಾರಕ್ಕಲ್ಲ, ಸ್ವಾಭಿಮಾನಕ್ಕೆ. ಬಗ್ಗಬಾರದು, ತಿರುಚಬಾರದು, ನಾಲ್ಕೈದು ಕಿಲೋಗಿಂತ ಹೆಚ್ಚು ಎತ್ತಬಾರದು ಎಂಬ ನಿಯಮ ತಿಂಗಳುಗಟ್ಟಲೆ ಇರುತ್ತದೆ. ನೋವಿನ ಮಾತ್ರೆಗಳ ಸಮಯವನ್ನು ಒಂದು ಹಾಳೆಯಲ್ಲಿ ಗುರುತು ಹಾಕುತ್ತ ಹೋಗಿ, ಅರೆನಿದ್ರೆಯಲ್ಲಿ ಇಬ್ಬರಿಗೂ ನೆನಪಿರುವುದಿಲ್ಲ. ಆ ಮಾತ್ರೆಗಳಿಂದ ಬರುವ ಮಲಬದ್ಧತೆಗೆ ಔಷಧಿಯನ್ನು ತೊಂದರೆ ಬರುವ ಮೊದಲೇ ಆರಂಭಿಸುವಂತೆ ವೈದ್ಯರನ್ನು ಕೇಳಿ. ನನ್ನ ಹೆಂಡತಿಯ ಮಾತಿನಲ್ಲಿ ಹೇಳುವುದಾದರೆ, ಗಾಯಕ್ಕಿಂತ ಅದೇ ಅವಳನ್ನು ಹೆಚ್ಚು ಕಾಡಿತು.

ಯಾರೂ ಹೇಳದ ಇನ್ನೊಂದು ವಿಷಯವಿದೆ. ಕೆಲವು ವಾರಗಳ ಬಳಿಕ, ಬಂದು ಹೋಗುವವರು ಕಡಿಮೆಯಾಗಿ, ನೋವು ಮಾತ್ರ ಉಳಿದಾಗ, "ಯಾಕಾದರೂ ಮಾಡಿಸಿಕೊಂಡೆನೋ" ಎಂಬ ಅಳು ಬಂತು. ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ, ಪಕ್ಕದಲ್ಲಿ ಕುಳಿತೆ. ಇದು ಅನೇಕರಿಗೆ ಬರುವ ಘಟ್ಟ ಎಂದು ಮುಂಚೆಯೇ ಗೊತ್ತಿದ್ದರೆ ನೋಡಿಕೊಳ್ಳುವವರೂ ಕಂಗೆಡುವುದಿಲ್ಲ. ಆದರೆ ಆ ಮಂಕು ವಾರಗಟ್ಟಲೆ ಬಿಡದೆ ನಿದ್ದೆ, ಊಟ, ಮಾತು ಎಲ್ಲವನ್ನೂ ನುಂಗತೊಡಗಿದರೆ ಅದನ್ನು ಸಹಿಸಿಕೊಂಡು ಕೂರಬಾರದು, ವೈದ್ಯರಿಗೆ ಹೇಳಬೇಕು. ನೋಡಿಕೊಳ್ಳುವವರಿಗೂ ವಾರಕ್ಕೊಮ್ಮೆಯಾದರೂ ಅರ್ಧ ದಿನದ ಬಿಡುವು ಕೊಡುವ ಇನ್ನೊಬ್ಬರನ್ನು ಈಗಲೇ ಗೊತ್ತುಮಾಡಿಕೊಳ್ಳಿ.

ಬಾಗಿದ ಬೆನ್ನು

ನಿಮ್ಮ ಪತ್ನಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಸಂಕೋಚವಾದರೂ ಕೇಳುತ್ತೇನೆ: ಪೆಲ್ವಿಸ್‌ವರೆಗೆ ಫ್ಯೂಷನ್ ಆದಮೇಲೆ ಶೌಚದ ನಂತರ ಸ್ವಚ್ಛಗೊಳಿಸಿಕೊಳ್ಳಲು ಕೈ ತಲುಪುತ್ತದೆಯೇ? ಮಗಳಿಗೆ ಒಂಬತ್ತು ವರ್ಷ, ಅವಳಿಗೆ ಎಷ್ಟು ಹೇಳಬೇಕು?

ಎರಡು ರಾಡ್

ಸಂಕೋಚ ಬೇಡ, ಈ ಪ್ರಶ್ನೆ ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಮೊದಮೊದಲು ಕೈ ತಲುಪುವುದು ಕಷ್ಟ. ನೀರಿನ ಜೆಟ್ ಇದ್ದರೆ ಬಹುಮಟ್ಟಿಗೆ ಸುಲಭ, ಉದ್ದ ಹಿಡಿಕೆಯ ಸಾಧನಗಳೂ ಸಿಗುತ್ತವೆ. ಈಗಲೇ ಸೊಂಟವನ್ನು ನೇರವಾಗಿಟ್ಟುಕೊಂಡು ಪ್ರಯತ್ನಿಸಿ ನೋಡಿ, ನಿಮ್ಮ ತೋಳಿನ ಉದ್ದಕ್ಕೆ ಯಾವ ವಿಧಾನ ಹೊಂದುತ್ತದೆ ಎಂಬುದು ತಿಳಿಯುತ್ತದೆ. ಕಾಲುಚೀಲ ಹಾಕಿಕೊಳ್ಳುವುದು, ಕಾಲಿನ ಉಗುರು ಕತ್ತರಿಸುವುದು, ನೆಲದ ಮೇಲೆ ಕುಳಿತು ಏಳುವುದು ನನಗೆ ಇಂದಿಗೂ ಕಷ್ಟವೇ. ತೊಡೆ ಸೇರುವ ಸೊಂಟದ ಕೀಲುಗಳಿಂದ ಮುಂದಕ್ಕೆ ಬಾಗಬಹುದು, ಮಂಡಿ ಮಡಿಸಿ ಇಳಿಯಬಹುದು, ಆದರೆ ಬೆನ್ನು ದುಂಡಗಾಗುವ ಚಲನೆ ಹೋಯಿತು. ಆ ನಷ್ಟಕ್ಕೆ ಮುಂಚೆಯೇ ಸ್ವಲ್ಪ ದುಃಖಪಟ್ಟುಬಿಡುವುದು ಒಳ್ಳೆಯದೆಂದು ನನ್ನ ಅನುಭವ. ದುಃಖಪಟ್ಟ ಮಾತ್ರಕ್ಕೆ ನಿಮ್ಮ ನಿರ್ಧಾರ ತಪ್ಪೆಂದು ಅರ್ಥವಲ್ಲ.

ದೇಹದ ರೂಪ ಬದಲಾಗುತ್ತದೆ ಎಂಬುದಕ್ಕೂ ಮನಸ್ಸನ್ನು ಅಣಿಗೊಳಿಸಿ. ವಕ್ರತೆ ಬಿಚ್ಚಿಕೊಂಡಾಗ ಎತ್ತರ ತುಸು ಹೆಚ್ಚಬಹುದು, ಸೊಂಟದ ಆಕಾರ ಬೇರೆಯಾಗುತ್ತದೆ, ಹಳೆಯ ಬಟ್ಟೆಗಳು ಕೂರುವುದಿಲ್ಲ. ಬೆನ್ನಿನುದ್ದಕ್ಕೂ ಗಾಯದ ಗುರುತು ಇರುತ್ತದೆ, ಅದರ ಸುತ್ತ ತಿಂಗಳುಗಟ್ಟಲೆ ಸ್ಪರ್ಶ ಮಂದವಾಗಿರುತ್ತದೆ. ವರ್ಷಗಳಿಂದ ಸಡಿಲ ಬಟ್ಟೆಯ ಹಿಂದೆ ಬೆನ್ನನ್ನು ಮುಚ್ಚಿಟ್ಟುಕೊಂಡು ಬದುಕಿದವರಿಗೆ, ನೇರವಾದ ದೇಹ ತಮ್ಮದೆಂದು ಅನ್ನಿಸಲು ಸಮಯ ಬೇಕು. ನನಗಂತೂ ಮೊದಲ ಕೆಲವು ತಿಂಗಳು, ಸಮತಟ್ಟಾಗಿ ನಿಂತರೂ ಇನ್ನೊಂದು ಪಕ್ಕಕ್ಕೆ ವಾಲಿದ್ದೇನೆ ಎನಿಸುತ್ತಿತ್ತು.

ಮಗಳಿಗೆ ನಿಜವನ್ನೇ ಹೇಳಿ, ಅವಳ ವಯಸ್ಸಿಗೆ ತಕ್ಕಂತೆ. ಅಮ್ಮನ ಬೆನ್ನಿಗೆ ಆಸರೆ ಹಾಕುತ್ತಾರೆ, ಕೆಲವು ದಿನ ಅಮ್ಮ ಆಸ್ಪತ್ರೆಯಲ್ಲಿರುತ್ತಾಳೆ, ಮನೆಗೆ ಬಂದ ಮೇಲೆ ಎತ್ತಿಕೊಳ್ಳುವಂತಿಲ್ಲ ಆದರೆ ಪಕ್ಕದಲ್ಲಿ ಮಲಗಿ ಕಥೆ ಕೇಳಬಹುದು ಎಂದು ಹೇಳಿ. ಅವಳಿಗೊಂದು ಕೆಲಸ ಕೊಡಿ, ಮಕ್ಕಳು ಕೆಲಸವಿದ್ದಾಗ ಹೆದರುವುದು ಕಡಿಮೆ.

ಎರಡನೇ ಬಾರಿ

ನಾನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಹೆದರಿಸಲು ಬರೆಯುತ್ತಿಲ್ಲ. ನನಗೆ ಹದಿಹರೆಯದಲ್ಲಿ ಹ್ಯಾರಿಂಗ್ಟನ್ ರಾಡ್ ಹಾಕಿದ್ದರು. ಪಾಲ್ ಹ್ಯಾರಿಂಗ್ಟನ್ ಅವರು 1962ರಲ್ಲಿ ಪ್ರಕಟಿಸಿದ ಆ ವಿಧಾನ ಸಾವಿರಾರು ಜನರ ಬೆನ್ನನ್ನು ನೇರವಾಗಿಸಿತು. ಆದರೆ ಅದು ಬೆನ್ನನ್ನು ಎರಡು ತುದಿಗಳಿಂದ ಹಿಗ್ಗಿಸುತ್ತಿದ್ದುದರಿಂದ, ಫ್ಯೂಷನ್ ಸೊಂಟದ ಕೆಳಭಾಗದವರೆಗೆ ಇಳಿದಿದ್ದವರಲ್ಲಿ ಸೊಂಟದ ಸಹಜವಾದ ಒಳಬಾಗು ಚಪ್ಪಟೆಯಾಗಿಬಿಡುತ್ತಿತ್ತು. ವಯಸ್ಸಾದಂತೆ ಕೆಳಗಿನ ಡಿಸ್ಕ್‌ಗಳು ಸವೆದು ನಾನು ಮುಂದಕ್ಕೆ ಬಾಗಿಯೇ ನಡೆಯುವಂತಾಯಿತು. ನಡುವಯಸ್ಸಿನಲ್ಲಿ ಮೂಳೆಯನ್ನು ಕತ್ತರಿಸಿ ಆ ಬಾಗನ್ನು ಮತ್ತೆ ಕೊಡುವ ದೊಡ್ಡ ಶಸ್ತ್ರಚಿಕಿತ್ಸೆ ಆಯಿತು. ಈಗ ನೇರವಾಗಿ ನಿಂತು ಎದುರಿನವರ ಮುಖ ನೋಡಿ ಮಾತಾಡುತ್ತೇನೆ.

ಕಶೇರುವಿನ ಹಿಂಬದಿಯಿಂದ ಒಳಕ್ಕೆ ಹಾಕುವ ಇಂದಿನ ಪೆಡಿಕಲ್ ಸ್ಕ್ರೂಗಳು ಪ್ರತಿ ಕಶೇರುವನ್ನೂ ಹಿಡಿದು ಸಹಜ ಬಾಗುಗಳನ್ನು ಉಳಿಸುತ್ತವೆ, ಆದ್ದರಿಂದ ನನ್ನ ಕಥೆ ನಿಮ್ಮದಾಗಬೇಕಿಲ್ಲ. ಆದರೂ ದೊಡ್ಡವರಲ್ಲಿ ಮುಂದೆ ಎಂದಾದರೂ ಮರುಶಸ್ತ್ರಚಿಕಿತ್ಸೆ ಬೇಕಾಗುವ ಸಾಧ್ಯತೆ ಕಡೆಗಣಿಸುವಷ್ಟು ಸಣ್ಣದಲ್ಲ. ರಾಡ್ ಮುರಿಯುವುದು, ಬೆಸುಗೆ ಆಗದಿರುವುದು, ಸೋಂಕು, ರಾಡಿನ ಮೇಲ್ತುದಿಯಲ್ಲಿ ಬಾಗುವುದು ಇದಕ್ಕೆ ಸಾಮಾನ್ಯ ಕಾರಣಗಳು. ಈ ಮಾತನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ದಿನವಲ್ಲ, ಅದಕ್ಕೂ ಮುಂಚೆ, ಮನೆಯವರನ್ನೂ ಕೂರಿಸಿಕೊಂಡು ವೈದ್ಯರಿಂದ ಕೇಳಿಸಿಕೊಳ್ಳಿ. ಮನೆಗೆ ಬಂದ ಮೇಲೆ ಜ್ವರ, ಗಾಯದಿಂದ ಸ್ರಾವ, ಮೀನಖಂಡದಲ್ಲಿ ಊತ, ಉಸಿರುಗಟ್ಟುವಿಕೆ, ಕಾಲಿನಲ್ಲಿ ಹೊಸ ದೌರ್ಬಲ್ಯ, ಮಲಮೂತ್ರದ ಹತೋಟಿ ತಪ್ಪುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು.

ಬಾಗಿದ ಬೆನ್ನು

ಈ ಚರ್ಚೆಯ ಬಳಿಕ ನಡೆದದ್ದನ್ನು ತಿಳಿಸುತ್ತೇನೆ. ಡೆಕ್ಸಾ ಮಾಡಿಸಿದಾಗ ನನ್ನ ಮೂಳೆಸಾಂದ್ರತೆ ನಿರೀಕ್ಷೆಗಿಂತ ಕಡಿಮೆ ಬಂದಿದೆ. ಮೂಳೆಯನ್ನು ಬಲಪಡಿಸುವ ಟೆರಿಪಾರಟೈಡ್ ಇಂಜೆಕ್ಷನ್ ಆರಂಭಿಸಿ, ಕೆಲವು ತಿಂಗಳ ನಂತರವೇ ಶಸ್ತ್ರಚಿಕಿತ್ಸೆ ಎಂದು ವೈದ್ಯರು ದಿನಾಂಕವನ್ನು ಮುಂದೂಡಿದ್ದಾರೆ. ಮನಸ್ಸನ್ನು ಗಟ್ಟಿಮಾಡಿಕೊಂಡು ನಿಂತಿದ್ದ ನನಗೆ ಇದು ಬಹಳ ನಿರಾಸೆ ತಂದಿತು. ಮತ್ತೆ ಮೊದಲಿನಿಂದ ಧೈರ್ಯ ಒಟ್ಟುಗೂಡಿಸಬೇಕಲ್ಲ ಎಂದು ಅಳುವೂ ಬಂತು.

ಫಿಸಿಯೋಥೆರಪಿಸ್ಟ್

ನಿರಾಸೆ ಸಹಜ. ಆದರೆ ನಿಮ್ಮ ವೈದ್ಯರು ದಿನಾಂಕಕ್ಕಿಂತ ಮೂಳೆಗೆ ಹೆಚ್ಚು ಬೆಲೆ ಕೊಟ್ಟಿದ್ದಾರೆ, ನಾನು ನಿಮ್ಮ ಜಾಗದಲ್ಲಿದ್ದರೆ ಅಂಥವರನ್ನೇ ಆರಿಸಿಕೊಳ್ಳುತ್ತಿದ್ದೆ. ಆ ಇಂಜೆಕ್ಷನ್ ಅನ್ನು ದಿನವೂ ತಪ್ಪದೆ ತೆಗೆದುಕೊಳ್ಳಬೇಕಾಗುತ್ತದೆ. ಆರಂಭದಲ್ಲಿ ಕೆಲವರಿಗೆ ಎದ್ದು ನಿಂತಾಗ ತಲೆಸುತ್ತು ಬರುವುದುಂಟು, ಆದ್ದರಿಂದ ಕುಳಿತೇ ತೆಗೆದುಕೊಳ್ಳಿ. ಕಚೇರಿಗೆ ಕೊಟ್ಟ ರಜೆಯ ಅರ್ಜಿಯನ್ನು ಈಗಲೇ ಬದಲಿಸಿ. ಕುಳಿತು ಮಾಡುವ ಕೆಲಸಕ್ಕೂ ಅನೇಕರು ಮರಳುವುದು ಸುಮಾರು ಮೂರು ತಿಂಗಳ ನಂತರ, ಮೊದಲು ಅರ್ಧ ದಿನದ ಲೆಕ್ಕದಲ್ಲಿ, ಆದ್ದರಿಂದ ರಜೆಯನ್ನು ಬಿಗಿಯಾಗಿ ಕೇಳಬೇಡಿ. ಈ ತಿಂಗಳುಗಳಲ್ಲಿ ಕಾಲಿನ ನೋವು ಅವಕಾಶ ಕೊಡುವಷ್ಟು ನಡೆಯಿರಿ, ಕುರ್ಚಿಯಿಂದ ಏಳುವ ಅಭ್ಯಾಸವನ್ನು ಮುಂದುವರಿಸಿ. ಕಾಲಿನ ಬಲ ಕುಗ್ಗುತ್ತಿದೆ ಎನಿಸಿದರೆ ಮಾತ್ರ ಹೊಸ ದಿನಾಂಕಕ್ಕೆ ಕಾಯದೆ ಕೂಡಲೇ ವೈದ್ಯರಿಗೆ ಕರೆ ಮಾಡಿ.